ಎರಡು ನಿಮಿಷ ಹತ್ತು ಸೆಕೆಂಡು

ಆ ಭಾನುವಾರ ಮಧ್ಯಾಹ್ನ ಅಕ್ಕ ಸಿನಿಮಾಕ್ಕೆ ಹೊರಟಿದ್ದು ಸಿನಿಮಾ ನೋಡುವುದಕ್ಕಲ್ಲ, ಒಬ್ಬ ಗಂಡಸಿನ ಮಾನ ತೆಗೆಯುವುದಕ್ಕೆ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅರವತ್ತೈದು ವರ್ಷದ ಹೆಂಗಸು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಕನ್ನಡಕವನ್ನು ಎರಡೆರಡು ಸಲ ಒರೆಸಿಕೊಂಡು, "ವಯಸ್ಕರಿಗೆ ಮಾತ್ರ" ಎಂದು ಬರೆದ ಚಿತ್ರಕ್ಕೆ ತಂಗಿಯನ್ನೂ ಎಳೆದುಕೊಂಡು ಹೊರಟರೆ ನೋಡಿದವರು ಏನೇನೋ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ಅವಳ ಬಗ್ಗೆ ಊರು ಅಂದುಕೊಳ್ಳದೆ ಬಿಟ್ಟದ್ದು ಏನೂ ಉಳಿದಿರಲಿಲ್ಲ.

ಬೀದಿಯವರು ಅವಳಿಗೆ ಇಟ್ಟ ಹೆಸರು ಸೀನಕ್ಕ. ಅದು ಪ್ರೀತಿಯ ಹೆಸರಲ್ಲ. ಮೂವತ್ತೆಂಟು ವರ್ಷದ ಹಿಂದೆ ಒಂದು ಸಿನಿಮಾದ ಕೊಳಕು ಸೀನನ್ನು ಕತ್ತರಿಸಿ ಕದ್ದವಳು ಎಂಬ ಆಪಾದನೆಯಿಂದ ಹುಟ್ಟಿದ ಹೆಸರು. ಇಟ್ಟವರಲ್ಲಿ ಅರ್ಧ ಜನ ಸತ್ತುಹೋದರು, ಅವರ ಮಕ್ಕಳಿಗೆ ಅದು ಯಾಕೆ ಬಂತೆಂದೇ ಗೊತ್ತಿಲ್ಲ, ಹೆಸರು ಮಾತ್ರ ಗುಂಡುಕಲ್ಲಿನ ಹಾಗೆ ಉಳಿದಿದೆ. ನಾವಂತೂ ಅವಳನ್ನು ಅಕ್ಕ ಎಂದೇ ಕರೆಯೋಣ. ಕದಿಯದವಳನ್ನು ಕಳ್ಳತನದ ಹೆಸರಿನಿಂದ ಕರೆಯುವ ಪಾಪ ನಮಗೇಕೆ?

ಆಗ ಅವಳಿಗೆ ಇಪ್ಪತ್ತೇಳು. ಚಿತ್ರಗಳನ್ನು ಥಿಯೇಟರುಗಳಿಗೆ ಹಂಚುವ ಡಿಪೋ ಒಂದರಲ್ಲಿ ಪ್ರಿಂಟ್ ತಪಾಸಣೆಯ ಕೆಲಸ. ಒಂದು ಥಿಯೇಟರಿನಿಂದ ಡಬ್ಬಿಗಳಲ್ಲಿ ವಾಪಸ್ ಬಂದ ಫಿಲ್ಮು ಇನ್ನೊಂದಕ್ಕೆ ಹೋಗುವ ಮುಂಚೆ ಅವಳ ಬೆರಳುಗಳ ನಡುವೆ ಹಾದು ಹೋಗಬೇಕಿತ್ತು. ಉದ್ದನೆಯ ಮೇಜು, ಎರಡು ತುದಿಗೆ ಕೈಯಲ್ಲಿ ತಿರುಗಿಸುವ ಎರಡು ಚಕ್ರ, ನಡುವೆ ಹಾಲುಗಾಜಿನ ಕೆಳಗೊಂದು ಬಲ್ಬು. ಬಿಳಿ ಹತ್ತಿಯ ಕೈಗವಸು ಹಾಕಿಕೊಂಡು, ಬಲಗೈಯಿಂದ ಚಕ್ರ ತಿರುಗಿಸುತ್ತ, ಎಡಗೈಯ ಎರಡು ಬೆರಳ ನಡುವೆ ಫಿಲ್ಮಿನ ಅಂಚು ಹಿಡಿದಿದ್ದರೆ ಎಲ್ಲಿ ಹರಿದಿದೆ ಎಂಬುದು ಬೆರಳಿಗೇ ತಿಳಿಯುತ್ತಿತ್ತು. ಅಲ್ಲಿ ನಿಲ್ಲಿಸಿ, ಹಾಳಾದ ಫ್ರೇಮುಗಳನ್ನು ತೆಗೆದು, ಎರಡೂ ತುದಿ ಕೆರೆದು, ಅಂಟು ಹಚ್ಚಿ, ಒತ್ತಿ ಹಿಡಿದು ಹತ್ತು ಎಣಿಸಬೇಕು. ಆಮೇಲೆ ಪಕ್ಕದ ಫ್ರೇಮಿನ ಕೆಳಮೂಲೆಯಲ್ಲಿ ಸೂಜಿಯಿಂದ ತನ್ನ ಗುರುತು ಚುಚ್ಚಬೇಕು. ಜೋಡಣೆ ಬಿಚ್ಚಿಕೊಂಡರೆ ಯಾರ ಕೈಕೆಲಸ ಎಂದು ಮೇಲಿನವರಿಗೆ ಗೊತ್ತಾಗಲಿ ಎಂದು ಡಿಪೋ ಮಾಡಿಕೊಂಡಿದ್ದ ಪದ್ಧತಿ ಅದು. ಅಕ್ಕನ ಗುರುತು ಎರಡು ತೂತು. ಎರಡು ತೂತಿನ ಜೋಡಣೆ ಬಿಚ್ಚಿಕೊಂಡದ್ದನ್ನು ಯಾರೂ ಕಂಡಿರಲಿಲ್ಲ. ಅವಳು ಸಾವಿರಾರು ಚಿತ್ರ ಮುಟ್ಟಿದ್ದಳು, ಬೆರಳೆಣಿಕೆಯಷ್ಟು ಚಿತ್ರ ನೋಡಿದ್ದಳು.

ಆಗ ಬಂತು ಆ ಚಿತ್ರ. ಗಡಿಯಾರ ರಿಪೇರಿಯವನ ಹೆಂಡತಿಗೂ ಮಹಡಿಯ ಮೇಲೆ ಬಾಡಿಗೆಗಿದ್ದವನಿಗೂ ನಡೆಯುವ ಸಂಬಂಧದ ಕಥೆ. ದೊಡ್ಡವರು ಅದನ್ನು ಕಲಾಕೃತಿ ಎನ್ನುತ್ತಿದ್ದರು, ಉಳಿದವರು ಮಹಡಿ ಪಿಕ್ಚರ್ ಎನ್ನುತ್ತಿದ್ದರು. ಐದನೆಯ ರೀಲಿನಲ್ಲಿದ್ದ ಎರಡು ನಿಮಿಷ ಹತ್ತು ಸೆಕೆಂಡಿನ ಸೀನಿಗಾಗಿ ಜನ ಸಾಲು ಹಚ್ಚಿ ನಿಲ್ಲುತ್ತಿದ್ದರು. ಅದೇ ಸೀನು ಒಂದು ದಿನ ಪ್ರಿಂಟಿನಿಂದ ಮಾಯವಾಯಿತು. ಅಕ್ಕ ತಪಾಸಣೆ ಮಾಡಿ, ಸೀನಿನಲ್ಲಿ ಮೂರು ಜೋಡಣೆ ಎಂದು ಕಾರ್ಡಿನಲ್ಲಿ ಬರೆದು ಸಹಿ ಹಾಕಿ ಕೊಟ್ಟಿದ್ದಳು. ರವಾನೆ ಗುಮಾಸ್ತ ಡಬ್ಬಿಗೆ ತುಂಬಿ, ದಾರ ಕಟ್ಟಿ, ಕಳಿಸಿದ್ದ. ಮುಂದಿನ ಊರಿನ ಥಿಯೇಟರಿನಲ್ಲಿ ಸೀನೇ ಬರಲಿಲ್ಲ. ಜನ ಕುರ್ಚಿ ಕಿತ್ತು ಪರದೆಗೆ ಎಸೆದರು.

ವಿಚಾರಣೆಯಲ್ಲಿ ಗುಮಾಸ್ತ ತಲೆ ಬಗ್ಗಿಸಿಕೊಂಡು ಹೇಳಿದ ಮಾತು ಅಕ್ಕನಿಗೆ ಇವತ್ತಿಗೂ ಅಕ್ಷರ ಅಕ್ಷರ ನೆನಪಿದೆ. "ಇವರು ಆ ರೀಲನ್ನ ದೀಪಕ್ಕೆ ಹಿಡ್ಕೊಂಡು ತುಂಬಾ ಹೊತ್ತು ನೋಡ್ತಾ ಇದ್ರು ಸಾರ್. ನಾನೇ ಕಣ್ಣಾರೆ ನೋಡಿದ್ದೀನಿ. ಹೆಣ್ಣುಮಗಳ ವಿಷಯ, ಹೇಗೆ ಹೇಳೋದು ಅಂತ ಸುಮ್ಮನಿದ್ದೆ."

ದೀಪಕ್ಕೆ ಹಿಡಿದು ನೋಡುವುದೇ ಅವಳ ಕೆಲಸ! ಅಡುಗೆಯವನು ಒಲೆಯ ಮುಂದೆ ನಿಂತಿದ್ದ, ಆದ್ದರಿಂದ ಮನೆಗೆ ಬೆಂಕಿಯಿಟ್ಟವನು ಅವನೇ ಎಂದ ಹಾಗೆ. ಆದರೆ ಹೆಂಗಸೊಬ್ಬಳು ಅಂಥ ಸೀನನ್ನು ತುಂಬಾ ಹೊತ್ತು ನೋಡಿದಳು ಎಂಬ ಮಾತಿನಲ್ಲಿ ಎಷ್ಟು ರುಚಿಯಿತ್ತೆಂದರೆ, ಆಮೇಲೆ ಯಾರಿಗೂ ಸಾಕ್ಷಿ ಬೇಕಾಗಲಿಲ್ಲ. ಕೆಲಸ ಹೋಯಿತು. ಯಾವ ಡಿಪೋದವರೂ ಒಳಗೆ ಸೇರಿಸಲಿಲ್ಲ. ಮುಂದಿನ ಮೂವತ್ತು ವರ್ಷ ಅವಳು ಅಂಗಿ ಕಾರ್ಖಾನೆಯಲ್ಲಿ ಕಾಲರ್ ಹೊಲಿದಳು. ಆ ಬೆರಳುಗಳಿಗೆ ಅದೇನು ಕೆಲಸವೇ?

ತಂಗಿಗೆ ಆಗ ಇಪ್ಪತ್ತೊಂದು. ಗೊತ್ತಾಗಿದ್ದ ಸಂಬಂಧ ಮುರಿದುಬಿತ್ತು. ಗಂಡಿನ ಸೋದರಮಾವ ಮನೆಗೇ ಬಂದು, "ನಿಮ್ಮ ದೊಡ್ಡವಳು ಕದ್ದ ಸೀನು ಯಾವುದು, ನಮಗೂ ಸ್ವಲ್ಪ ಹೇಳಿ" ಎಂದು ನಕ್ಕು ಹೋದ. ಆ ಸಂಜೆ ಅಡುಗೆಮನೆಯಲ್ಲಿ ತಂಗಿ ಪಾತ್ರೆ ಒರೆಸುತ್ತ ಒಂದು ಮಾತು ಹೇಳಿದಳು. "ಅಕ್ಕ, ನೀನೇ ತಗೊಂಡಿದ್ರೆ ಹೇಳಿಬಿಡು. ನಾನೇನೂ ಅಂದ್ಕೊಳ್ಳಲ್ಲ."

ಬೈದಿದ್ದರೆ ಮರೆಯುತ್ತಿದ್ದಳು. ಹೊಡೆದಿದ್ದರೂ ಮರೆಯುತ್ತಿದ್ದಳೇನೋ. "ನಾನೇನೂ ಅಂದ್ಕೊಳ್ಳಲ್ಲ" ಎಂಬ ಆ ಕರುಣೆಯನ್ನು ಮಾತ್ರ ಅಕ್ಕನಿಗೆ ನುಂಗಲಿಕ್ಕೂ ಆಗಲಿಲ್ಲ, ಉಗುಳಲಿಕ್ಕೂ ಆಗಲಿಲ್ಲ. ಆಮೇಲೆ ತಂಗಿ ತಡವಾಗಿ ಮದುವೆಯಾದಳು, ಗಂಡನನ್ನು ಕಳೆದುಕೊಂಡಳು, ಎರಡು ಬೀದಿಯಾಚೆ ಒಬ್ಬಳೇ ಇದ್ದಳು. ಪ್ರತಿ ಭಾನುವಾರ ಅಕ್ಕನ ಮನೆಗೆ ಬಂದು ಚಹಾ ಕುಡಿಯುತ್ತಿದ್ದಳು. ಮಂಡಿನೋವು, ತರಕಾರಿ, ಬೇರೆ ಊರಲ್ಲಿದ್ದ ತಂಗಿಯ ಮಗನ ಫೋನು, ಎಲ್ಲ ಮಾತಾಡುತ್ತಿದ್ದರು. ಆ ಒಂದು ವಿಷಯ ಬಿಟ್ಟು. ನೀನು ಕದ್ದಿಲ್ಲ ಎಂದು ನನಗೆ ಗೊತ್ತು ಎಂಬ ಐದು ಪದದ ಮಾತನ್ನು ತಂಗಿ ಮೂವತ್ತೆಂಟು ವರ್ಷದಲ್ಲಿ ಒಮ್ಮೆಯೂ ಆಡಲಿಲ್ಲ.

ಹೀಗಿರುವಾಗ ಒಂದು ಗುರುವಾರ ಪತ್ರಿಕೆಯಲ್ಲಿ ಗುಮಾಸ್ತನ ಫೋಟೊ ಬಂತು. ಈಗ ಅವನು ಗುಮಾಸ್ತನಲ್ಲ, ಪಂಡಿತರು. ಹಳೆಯ ಚಿತ್ರಗಳ ಸಂಗ್ರಾಹಕರು, ವಿಮರ್ಶಕರು, ಕತ್ತಿನ ಸುತ್ತ ಮಫ್ಲರು ಬೇರೆ. ಸುದ್ದಿ ಇಷ್ಟು: ಮಹಡಿ ಪಿಕ್ಚರಿನ ಆ ಸೀನನ್ನು ಸರ್ಕಾರವೇ ಮುಂದೆ ಎಲ್ಲ ಪ್ರಿಂಟುಗಳಿಂದ ತೆಗೆಸಿತ್ತು, ಮೂಲ ನೆಗೆಟಿವ್ ಗೋದಾಮಿನ ಬೆಂಕಿಯಲ್ಲಿ ಸುಟ್ಟಿತ್ತು. ಭೂಮಿಯ ಮೇಲೆ ಎಲ್ಲೂ ಇಲ್ಲವೆಂದುಕೊಂಡಿದ್ದ ಆ ಎರಡು ನಿಮಿಷವನ್ನು ಪಂಡಿತರು ಹೊರದೇಶದ ಹಳೆ ಸಾಮಾನಿನ ಸಂತೆಯೊಂದರಲ್ಲಿ ಪತ್ತೆ ಹಚ್ಚಿ ಲೋಕಕ್ಕೆ ಕೊಟ್ಟಿದ್ದಾರೆ. ಚಿತ್ರವನ್ನು ಶುಚಿಗೊಳಿಸಿ, ಸೀನು ಸೇರಿಸಿ, ಭಾನುವಾರ ಮೂರು ಗಂಟೆಗೆ ಅವರ ಸಿನಿಮಾ ಸಂಘದವರು ಗ್ರಂಥಾಲಯದ ಮೇಲಿನ ಸಭಾಂಗಣದಲ್ಲಿ ತೋರಿಸುತ್ತಾರೆ. ನಂತರ ಸಂವಾದ.

ಅಕ್ಕ ಸುದ್ದಿಯನ್ನು ಮೂರು ಸಲ ಓದಿದಳು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಮಾತು ಕೇಳಿದ್ದಳು, ಕದ್ದ ಕೂಸನ್ನೇ ಕಂಕುಳಲ್ಲಿಟ್ಟುಕೊಂಡು ಹುಡುಕಿ ಕೊಟ್ಟೆನೆಂದು ಹಾರ ಹಾಕಿಸಿಕೊಳ್ಳುವವನನ್ನು ಈಗಲೇ ನೋಡಿದ್ದು. ಆ ತುಂಡು ತನ್ನದಾಗಿದ್ದರೆ ಅದರಲ್ಲಿ ತನ್ನ ಮೂರು ಜೋಡಣೆ ಇರಬೇಕು, ಒಂದೊಂದರ ಪಕ್ಕವೂ ಎರಡೆರಡು ತೂತು ಇರಬೇಕು. ಪರದೆಯ ಮೇಲೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಬಿಳಿ ಚುಕ್ಕಿಯಾಗಿ ಮಿಂಚಿ ಹೋಗುತ್ತದೆ. ಬೇರೆಯವರಿಗೆ ಕಾಣುವುದಿಲ್ಲ, ಅವಳಿಗೆ ಕಾಣುತ್ತದೆ. ಕಂಡ ತಕ್ಷಣ ಎದ್ದು ನಿಂತು ಹೇಳಬೇಕು. ಅವನ ಬಾಯಿಂದಲೇ, ತಂಗಿಯ ಕಿವಿಗೆ ಬೀಳುವ ಹಾಗೆ, ಕದ್ದವನು ನಾನು ಎಂದು ಅನ್ನಿಸಬೇಕು. ಅವಳಿಗೆ ಈ ಭೂಮಿಯ ಮೇಲೆ ಬೇಕಾಗಿದ್ದದ್ದು ಇನ್ನು ಅದೊಂದೇ.

"ಅಕ್ಕ, ಈ ವಯಸ್ಸಲ್ಲಿ ನಮಗಿದೆಲ್ಲ ಬೇಕಾ? ಯಾರಾದ್ರೂ ನೋಡಿದ್ರೆ?" ಎಂದಳು ತಂಗಿ, ಸಭಾಂಗಣದ ಮೆಟ್ಟಿಲು ಹತ್ತುತ್ತ, ಒಂದೊಂದು ಮೆಟ್ಟಿಲಿಗೂ ಮಂಡಿ ಹಿಡಿದುಕೊಳ್ಳುತ್ತ.

"ನೋಡ್ಲಿ. ಅದಕ್ಕೇ ನಡುವಿನ ಸಾಲಲ್ಲಿ ಟಿಕೆಟ್ ತಗೊಂಡಿರೋದು."

"ನಿನಗೆ ಇದನ್ನ ನೋಡ್ಲೇಬೇಕು ಅಂತ ಯಾಕೆ ಹಟ?"

"ನಾನು ಕದ್ದಿದ್ದು ಹೇಗಿತ್ತು ಅಂತ ನೋಡ್ಬೇಡ್ವಾ?"

ತಂಗಿ ಒಳಗೆ ನಡೆದು ಕುರ್ಚಿ ಹುಡುಕಿದಳು. ಏಸಿಯ ಚಳಿಗೆಂದು ತಂದಿದ್ದ ಸ್ವೆಟರನ್ನು ಕುತ್ತಿಗೆಯವರೆಗೂ ಎಳೆದುಕೊಂಡು ಕೂತಳು.

ಇನ್ನೂರು ಕುರ್ಚಿಯೂ ತುಂಬಿತ್ತು. ಕಾಲೇಜಿನ ಹುಡುಗ ಹುಡುಗಿಯರು, ಕಲೆಯ ಗಂಭೀರ ಮುಖದವರು, ಕಲೆಯ ನೆಪದಲ್ಲಿ ಬಂದ ಮುದುಕರು. ಪಂಡಿತರು ವೇದಿಕೆಯ ಮೇಲೆ ಮಫ್ಲರು ಸರಿಪಡಿಸಿಕೊಂಡು, "ಕಾಮವನ್ನು ಇಷ್ಟು ತೀವ್ರವಾಗಿ ತೋರಿಸಿದ ಇನ್ನೊಂದು ಚಿತ್ರ ಇಲ್ಲ, ಐದನೇ ರೀಲಿನಲ್ಲಿ ನಿಮ್ಮ ಉಸಿರೇ ನಿಂತುಹೋಗುತ್ತೆ" ಎಂದರು. ಅವರ ಪಕ್ಕ ಚಿತ್ರವನ್ನು ಶುಚಿಗೊಳಿಸಿದ ತಂತ್ರಜ್ಞೆ ಕೂತಿದ್ದಳು, ಮೂವತ್ತರ ಆಸುಪಾಸಿನ, ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡ ಹೆಣ್ಣುಮಗಳು. ದೀಪ ಆರಿತು.

ಮೊದಲ ಒಂದು ಗಂಟೆ ಗಡಿಯಾರದ ಮುಳ್ಳು ತಿರುಗಿತು. ಬಾಡಿಗೆಯವನು ಮಹಡಿ ಹತ್ತಿದ, ಇಳಿದ, ಮತ್ತೆ ಹತ್ತಿದ. ಹೆಂಡತಿ ಕಿಟಕಿಯ ಹತ್ತಿರ ನಿಂತು ನಿಟ್ಟುಸಿರು ಬಿಟ್ಟಳು. ಗಂಡ ಭೂತಗನ್ನಡಿ ಹಾಕಿಕೊಂಡು ಗಡಿಯಾರದ ಹೊಟ್ಟೆಯೊಳಗೆ ಇಣುಕಿದ. ಇದೇ ಮೂರು ಕೆಲಸವನ್ನು ಅವರು ಅದಲು ಬದಲು ಮಾಡಿ ಮಾಡುತ್ತಲೇ ಇದ್ದರು. ಹಿಂದಿನ ಸಾಲಿನಲ್ಲಿ ಒಬ್ಬರ ಉಸಿರು ನಿಲ್ಲುವ ಬದಲು ಗೊರಕೆಗೆ ತಿರುಗಿತು. ತಂಗಿ ಮೊದಲು ನಾಚಿಕೆಯಿಂದ ನೆಲ ನೋಡುತ್ತಿದ್ದವಳು ಆಮೇಲೆ ಬೇಸರದಿಂದ ನೆಲ ನೋಡತೊಡಗಿದಳು.

ಐದನೆಯ ರೀಲು ಬಂತು. ಅಕ್ಕ ಮುಂದಕ್ಕೆ ಬಾಗಿ ಕೂತಳು. ಈ ಸೀನನ್ನು ಅವಳು ಮೇಜಿನ ಮೇಲೆ ಅಂಗುಲದಗಲದ ಚೌಕಗಳಲ್ಲಿ ನೋಡಿದ್ದಳೇ ಹೊರತು ಅದು ಚಲಿಸಿದ್ದನ್ನು ನೋಡಿರಲಿಲ್ಲ. ಜನ ಕುರ್ಚಿ ಕಿತ್ತೆಸೆದರೆಂದರೆ, ಮದುವೆ ಮುರಿಯಿತೆಂದರೆ, ಒಂದು ಬದುಕೇ ಕಾಲರಿನ ಹೊಲಿಗೆಯಲ್ಲಿ ಮುಗಿಯಿತೆಂದರೆ, ಅದು ಚಲಿಸಿದಾಗ ಏನೋ ಬೆಂಕಿಯೇ ಇರಬೇಕು ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದಳು.

ಬಾಡಿಗೆಯವನು ಗಡಿಯಾರದವನ ಹೆಂಡತಿಯ ಜಡೆ ಬಿಚ್ಚಿದ. ಬಾಚಣಿಗೆ ತೆಗೆದುಕೊಂಡು ತಲೆ ಬಾಚಿದ. ಬಾಚಿದ, ಬಾಚಿದ, ಬಾಚುತ್ತಲೇ ಹೋದ. ಭುಜದ ಮೇಲಿನ ಬಟ್ಟೆ ಒಂದು ಅಂಗುಲ ಜಾರಿತು. ಅವಳು ಕಣ್ಣು ಮುಚ್ಚಿದಳು. ಕ್ಯಾಮರಾ ನಿಧಾನಕ್ಕೆ ಕಿಟಕಿಯ ಪರದೆಯ ಕಡೆ ಹೋಯಿತು, ಪರದೆ ಗಾಳಿಗೆ ಉಬ್ಬಿತು. ಮುಗಿಯಿತು.

"ಇಷ್ಟೇನಾ?" ಎಂದಿತು ಹಿಂದಿನ ಸಾಲಿನ ಒಂದು ಹುಡುಗಿಯ ದನಿ. "ಕೂದಲೆಣ್ಣೆ ಜಾಹೀರಾತು ಇದ್ದ ಹಾಗಿದೆ." ಸುತ್ತ ನಾಲ್ಕು ಜನ ಕಿಸಕ್ಕನೆ ನಕ್ಕರು. ಕಲೆಯ ನೆಪದಲ್ಲಿ ಬಂದಿದ್ದ ಮುದುಕರೊಬ್ಬರು ಬೆಟ್ಟ ಅಗೆದು ಇಲಿ ಹಿಡಿದವರ ಮುಖ ಮಾಡಿಕೊಂಡು ಎದ್ದೇ ಹೋದರು.

ಅಕ್ಕನಿಗೆ ಅಳು ಬಂತು, ಅಳುವಿಗಿಂತ ಹೆಚ್ಚು ಸಿಟ್ಟು ಬಂತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ತನ್ನ ಮಾನ ಹೋದದ್ದು ಒಂದು ಬಾಚಣಿಗೆಗೆ! ಕೊನೆಯ ಪಕ್ಷ ಆ ಸೀನಾದರೂ ಕದಿಯುವಂಥದ್ದಾಗಿರಬಾರದಿತ್ತೇ? ಕಳ್ಳಿ ಎಂದು ಕರೆಸಿಕೊಂಡದ್ದಕ್ಕೆ ಒಂದು ತೂಕವಾದರೂ ಇರುತ್ತಿತ್ತು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಸೀನು ನಡೆಯುವಷ್ಟು ಹೊತ್ತೂ ಅವಳ ಕಣ್ಣು ಪರದೆಯ ಕೆಳಮೂಲೆಯನ್ನು ಬಿಟ್ಟು ಕದಲಿರಲಿಲ್ಲ. ಅಲ್ಲಿ ಚುಕ್ಕಿ ಇರಲಿಲ್ಲ. ಒಂದೇ ಒಂದು ಚುಕ್ಕಿಯೂ ಇರಲಿಲ್ಲ. ಕಲೆ, ಗೀರು, ಧೂಳು ಎಲ್ಲವನ್ನೂ ಒರೆಸಿದವರು ಅವಳ ಗುರುತನ್ನೂ ಒರೆಸಿಬಿಟ್ಟಿದ್ದರು.

ಆದರೆ ಬೆರಳು ಸುಮ್ಮನಿರಲಿಲ್ಲ. ಸೀನಿನ ನಡುವೆ ಮೂರು ಸಲ ಅವಳ ಎಡಗೈ ಹೆಬ್ಬೆರಳು ತಾನಾಗಿಯೇ ತೋರುಬೆರಳಿಗೆ ಒತ್ತಿಕೊಂಡಿತ್ತು. ಮೊದಲ ಸಲ, ಬಾಚಣಿಗೆ ಕಿವಿಯ ಹತ್ತಿರ ಇದ್ದದ್ದು ಸಣ್ಣಗೆ ಜಿಗಿದಾಗ. ಎರಡನೆಯ ಸಲ, ಕೈ ಕತ್ತಿನಿಂದ ಭುಜಕ್ಕೆ ಹಾರಿಬಂದ ಹಾಗೆ ಬಂದಾಗ. ಮೂರನೆಯ ಸಲ, ನಾಯಕಿಯ ರೆಪ್ಪೆ ಮುಚ್ಚುವ ಮೊದಲೇ ಮುಚ್ಚಿದ್ದಾಗ. ತೂತನ್ನು ಮುಚ್ಚಬಹುದು. ಕಿತ್ತು ಬಿಸಾಡಿದ ಫ್ರೇಮನ್ನು ಎಲ್ಲಿಂದ ತರುತ್ತಾರೆ? ಅವನ್ನು ಕಿತ್ತು ಬುಟ್ಟಿಗೆ ಹಾಕಿದವಳು ಅವಳೇ. ಎಷ್ಟೆಷ್ಟು ಎಂಬುದನ್ನು ವಿಚಾರಣೆಯಲ್ಲಿ ಅತ್ತತ್ತು ಹೇಳಿದ್ದಳು, ಯಾರೂ ಕೇಳಿರಲಿಲ್ಲ.

ಚಿತ್ರ ಮುಗಿದು ದೀಪ ಹತ್ತಿತು. ಪಂಡಿತರು ಚಪ್ಪಾಳೆಗೆ ಕಾದರು, ಬಂದಷ್ಟು ಬಂತು. ಪ್ರಶ್ನೆ ಯಾರಿಗಿದೆ ಎಂದಾಗ ಅಕ್ಕ ಎದ್ದು ನಿಂತು ಮೈಕಿಗೆ ಕೈ ಚಾಚಿದಳು. ತಂಗಿ ಅವಳ ಬಟ್ಟೆಯ ಅಂಚು ಹಿಡಿದೆಳೆದಳು. ಅಕ್ಕ ಬಿಡಿಸಿಕೊಂಡಳು.

"ನನ್ನ ಪ್ರಶ್ನೆ ಆ ಹೆಣ್ಣುಮಗಳಿಗೆ," ಎಂದಳು ತಂತ್ರಜ್ಞೆಯ ಕಡೆ ತಿರುಗಿ. "ಸಂತೇಲಿ ಸಿಕ್ಕಿದ ಆ ತುಂಡಲ್ಲಿ ಮೂರು ಜೋಡಣೆ ಇತ್ತಾ ಮಗಳೇ?"

ಹುಡುಗಿಯ ಮುಖ ಅರಳಿತು. ಇಂಥ ಪ್ರಶ್ನೆ ಕೇಳುವವರು ಅವಳಿಗೆ ಸಿಕ್ಕುವುದೇ ಅಪರೂಪ. "ಹೌದು! ಮೂರು ಇತ್ತು. ತುಂಬಾ ನಾಜೂಕಾದ ಕೆಲಸ. ನಿಮಗೆ ಹೇಗೆ ಗೊತ್ತಾಯ್ತಮ್ಮ?"

"ಒಂದೊಂದರ ಪಕ್ಕದಲ್ಲೂ, ಕೆಳಮೂಲೇಲಿ, ಎರಡೆರಡು ತೂತು?"

"ಇತ್ತು. ಹುಳ ತಿಂದಿರ್ಬೇಕು ಅಂತ ಮುಚ್ಚಿಬಿಟ್ವಿ."

"ಹುಳ ಅಲ್ಲ, ನಾನು. ಈಗ ನಿನ್ನ ಪುಸ್ತಕ ನೋಡ್ಕೊ. ಮೊದಲನೇ ಜೋಡಣೇಲಿ ಹೋಗಿರೋದು ನಾಲ್ಕು ಫ್ರೇಮು. ಎರಡನೇದರಲ್ಲಿ ಹನ್ನೊಂದು. ಮೂರನೇದರಲ್ಲಿ ಎರಡು."

ಫಿಲ್ಮಿನ ಅಂಚಿನಲ್ಲಿ ಅಡಿಗೊಂದು ಸಂಖ್ಯೆ ಇರುತ್ತದೆ, ಅದರಿಂದ ಎಲ್ಲಿ ಎಷ್ಟು ಕಳೆದಿದೆ ಎಂದು ಲೆಕ್ಕ ಸಿಗುತ್ತದೆ. ತಂತ್ರಜ್ಞೆ ಲ್ಯಾಪ್‌ಟಾಪ್ ತೆರೆದು ತನ್ನ ವರದಿ ಹುಡುಕಿದಳು. ಸಭೆ ಕತ್ತು ಉದ್ದ ಮಾಡಿತು. ಅವಳು ನಿಧಾನವಾಗಿ ಮೈಕಿನಲ್ಲಿ ಓದಿದಳು. "ನಾಲ್ಕು. ಹನ್ನೊಂದು. ಎರಡು." ಆಮೇಲೆ ತಲೆಯೆತ್ತಿ, "ಇದು ನಮ್ಮ ಲ್ಯಾಬ್ ಬಿಟ್ಟು ಯಾರಿಗೂ ಗೊತ್ತಿಲ್ಲ" ಎಂದಳು.

"ನನಗೆ ಗೊತ್ತು. ಆ ಪ್ರಿಂಟ್ ಇದೇ ಊರಿನ ಡಿಪೋದು. ತಪಾಸಣೆ ಮಾಡಿದ್ದು ನಾನು, ಡಬ್ಬಿಗೆ ತುಂಬಿದ್ದು ಇವರು." ಅಕ್ಕ ಬೆರಳು ತೋರಿಸಿದಳು. "ಏನ್ರೀ ಗುಮಾಸ್ತರೇ, ಯಾವ ದೇಶದ ಸಂತೆ ಅದು?"

ಮೂವತ್ತು ವರ್ಷದಿಂದ ಆ ಮನುಷ್ಯನನ್ನು ಯಾರೂ ಗುಮಾಸ್ತರೇ ಎಂದಿರಲಿಲ್ಲ. ಅವರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಆದರೆ ಅವರೂ ಪಳಗಿದವರೇ. ನಾಲ್ಕು ಉಸಿರಿನಲ್ಲಿ ಸಾವರಿಸಿಕೊಂಡು, ಮೈಕು ಎತ್ತಿಕೊಂಡು, ಮುಖಕ್ಕೊಂದು ನೋವಿನ ನಗು ತಂದುಕೊಂಡರು.

"ಇಷ್ಟು ವರ್ಷ ಇವರ ಮಾನ ಉಳಿಸೋಕೆ ನಾನು ಸಂತೆ ಕಥೆ ಹೇಳ್ತಾ ಬಂದೆ. ಇವತ್ತು ಇವರೇ ಬಾಯಿ ಬಿಡಿಸ್ತಾ ಇದ್ದಾರೆ. ಹೌದು, ಆ ತುಂಡು ನನಗೆ ಕೊಟ್ಟವರು ಇವರೇ. ಕತ್ತರಿಸಿ ಇಟ್ಕೊಂಡಿದ್ರು, ಕೆಲಸ ಹೋದ ಮೇಲೆ ಹೆದರಿ ನನ್ನ ಕೈಗೆ ಹಾಕಿದ್ರು. ಪಾಪ, ಆಗಿನ್ನೂ ಚಿಕ್ಕ ವಯಸ್ಸು."

ಸಭೆಯಲ್ಲಿ ಗುಜುಗುಜು ಎದ್ದಿತು. ಅಕ್ಕ ತಿರುಗಿ ತಂಗಿಯನ್ನು ನೋಡಿದಳು. ತಂಗಿ ತಲೆ ತಗ್ಗಿಸಿ ಸ್ವೆಟರಿನ ಗುಂಡಿ ತಿರುಗಿಸುತ್ತಿದ್ದಳು. ಮೂವತ್ತೆಂಟು ವರ್ಷದ ಹಿಂದೆ ಪಾತ್ರೆ ಒರೆಸುತ್ತಿದ್ದಾಗ ಇದ್ದ ಮುಖವೇ ಈಗಲೂ ಇತ್ತು. ಈ ಸುಳ್ಳನ್ನೂ ಅವಳು ನಂಬಿದ್ದಳು.

ಅಕ್ಕನ ಸಿಟ್ಟು ನೆತ್ತಿಗೇರಿತು. ಆದರೆ ದನಿ ಏರಲಿಲ್ಲ. ಕೆಲಸದ ಮಾತಾಡುವಾಗ ಅವಳ ದನಿ ಯಾವಾಗಲೂ ತಣ್ಣಗೇ ಇರುತ್ತಿತ್ತು.

"ಮಗಳೇ, ಇನ್ನೊಂದು ಹೇಳು. ನನ್ನ ಮೂರು ಜೋಡಣೆ ಬಿಡು. ಆ ತುಂಡಿನ ಎರಡು ಕೊನೆ ಹೇಗಿತ್ತು? ಪ್ರಿಂಟಿಂದ ಕತ್ತರಿಸಿದ ಕೊನೆ?"

ತಂತ್ರಜ್ಞೆಗೆ ನಗು ತಡೆಯಲಾಗಲಿಲ್ಲ. "ಅಯ್ಯೋ, ಅದನ್ನ ಕೇಳ್ಬೇಡಿ! ಯಾವುದೋ ಕತ್ತರಿಯಿಂದ ಓರೆಯಾಗಿ, ಚಿತ್ರದ ನಡುವೆಯೇ ಕಚಕಚ ಅಂತ ಕತ್ತರಿಸಿದ್ರು. ನಾಯಕಿಯ ಅರ್ಧ ಮುಖ ಇಲ್ಲ, ಚಕ್ರದ ಹಲ್ಲು ಹಿಡಿಯೋ ಅಂಚಿನ ತೂತೂ ಹರಿದುಹೋಗಿದೆ. ಆ ಎರಡು ಫ್ರೇಮು ಸರಿಮಾಡೋಕೆ ನನಗೆ ಒಂದು ತಿಂಗಳು ಬೇಕಾಯ್ತು. ಫಿಲ್ಮಿನ ಗಂಧಗಾಳಿ ಇಲ್ಲದ ಯಾರೋ ದಡ್ಡರು ಮಾಡಿದ ಕೆಲಸ."

"ಫ್ರೇಮಿಗೂ ಫ್ರೇಮಿಗೂ ನಡುವೆ ಒಂದು ಗೆರೆ ಇರುತ್ತೆ," ಎಂದಳು ಅಕ್ಕ ಸಭೆಗೆ. "ನಾವು ಕತ್ತರಿಸೋದು ಆ ಗೆರೆ ಮೇಲೆ, ಬ್ಲೇಡಿನಲ್ಲಿ. ನಿದ್ದೆಗಣ್ಣಲ್ಲೂ ತಪ್ಪಲ್ಲ. ನನ್ನ ಮೇಜಿನ ಮೇಲೆ ಕತ್ತರೀನೇ ಇರ್ಲಿಲ್ಲ. ಕತ್ತರಿ ಇದ್ದದ್ದು ಪಾರ್ಸಲ್ ದಾರ ಕತ್ತರಿಸೋರ ಹತ್ರ."

"ದಡ್ಡರಲ್ಲ, ಕಟುಕರು!" ಎಂದು ಹಿಂದಿನಿಂದ ಯಾರೋ ಕೂಗಿದರು. "ಕ್ಷೌರದ ಅಂಗಡಿಯವನು ಇನ್ನೂ ನೆಟ್ಟಗೆ ಕತ್ತರಿಸ್ತಾನೆ!" ಇಡೀ ಸಭೆ ಘೊಳ್ಳೆಂದು ನಕ್ಕಿತು. ತಂತ್ರಜ್ಞೆಯೂ ನಕ್ಕಳು.

ಕಳ್ಳ ಎಂದಿದ್ದರೆ ಪಂಡಿತರು ತಡೆದುಕೊಳ್ಳುತ್ತಿದ್ದರು, ಅದಕ್ಕೆ ಅವರ ಬಳಿ ಉತ್ತರ ತಯಾರಿತ್ತು. ಆದರೆ ಫಿಲ್ಮಿನ ಗಂಧಗಾಳಿ ಇಲ್ಲದವನು! ಆರು ಪುಸ್ತಕ ಬರೆದವರನ್ನು, ತಾವೇ ಸಾಕಿ ಬೆಳೆಸಿದ ಸಂಘದ ಸಭೆಯಲ್ಲಿ! ಅವರ ಕಿವಿ ಕೆಂಪಗಾಯಿತು.

"ನಗೋಕೇನು, ನಗ್ತೀರಿ," ಎಂದರು ಮೈಕಿನಲ್ಲಿ. "ಕರೆಂಟ್ ಹೋಗಿತ್ತು ಅವತ್ತು. ಕತ್ತಲಲ್ಲಿ ಗೆರೆ ಹೇಗೆ ಕಾಣ್ಬೇಕು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರು ಮೈಕು ಹಿಡಿದುಕೊಂಡೇ ಮುಟ್ಟಿ ನೋಡಿಕೊಂಡರು. ಒಂದು ಕ್ಷಣ ಯಾರಿಗೂ ಏನು ಕೇಳಿದೆವೆಂದು ಹೊಳೆಯಲಿಲ್ಲ. ಹೊಳೆದ ಮೇಲೆ ಸಭೆಯಲ್ಲಿ ಎದ್ದ ಗದ್ದಲವನ್ನು ಅಕ್ಕ ಕಣ್ಣು ಮುಚ್ಚಿಕೊಂಡು ಕೇಳಿದಳು. ಎರಡು ಗಂಟೆ ಕೂತು ನೋಡಿದ ಚಿತ್ರದಲ್ಲಿ ಸಿಗದ ಸುಖ ಅವಳಿಗೆ ಅದರಲ್ಲಿ ಸಿಕ್ಕಿತು. ಸುಳ್ಳೇಕೆ ಹೇಳಬೇಕು, ತುಂಬಾ ಸಿಕ್ಕಿತು.

ಪಂಡಿತರು ಮೈಕು ಕೆಳಗಿಟ್ಟು ಪಕ್ಕದ ಬಾಗಿಲಿನ ಕಡೆ ನೋಡಿದರು.

"ಎಲ್ಲಿಗೆ? ಇನ್ನೂ ಮುಗಿದಿಲ್ಲ," ಎಂದಳು ಅಕ್ಕ. "ಇಲ್ಲಿ ನನ್ನ ಪಕ್ಕದಲ್ಲಿ ಕೂತಿರೋಳು ನನ್ನ ತಂಗಿ. ಇವಳಿಗೆ ಹೇಳಿ. ಕ್ಷಮೆ ಬೇಡ, ಭಾಷಣ ಬೇಡ. ಯಾರು ತಗೊಂಡಿದ್ದು ಅಂತ ಅಷ್ಟೇ ಹೇಳಿ."

"ಬಿಡಮ್ಮ, ಹಳೇ ವಿಷಯ. ನಮಗೂ ವಯಸ್ಸಾಯ್ತು..."

"ವಯಸ್ಸಾಗಿರೋದು ನನಗೂ ಗೊತ್ತು. ಮೈಕು ತಗೊಳ್ಳಿ."

ಇನ್ನೂರು ಜನ ನೋಡುತ್ತಿದ್ದರು. ಅರ್ಧ ಜನ ಫೋನು ಎತ್ತಿ ಹಿಡಿದಿದ್ದರು. ಪಂಡಿತರು ಮೈಕು ತೆಗೆದುಕೊಂಡು ನೆಲಕ್ಕೆ ಹೇಳುವವರ ಹಾಗೆ ಹೇಳಿದರು. "ನಿಮ್ಮಕ್ಕ ತಗೊಂಡಿರ್ಲಿಲ್ಲ. ನಾನು ತಗೊಂಡಿದ್ದು."

ತಂಗಿ ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅಕ್ಕ ಮೈಕನ್ನು ಮುಂದಿನ ಸಾಲಿನವರಿಗೆ ಕೊಟ್ಟು, ಕೈಚೀಲ ಎತ್ತಿಕೊಂಡು ಹೊರಗೆ ನಡೆದಳು. ತಂತ್ರಜ್ಞೆ ಹಿಂದಿನಿಂದ "ಅಮ್ಮ, ಅಮ್ಮ, ನಿಮ್ಮ ಜೊತೆ ಮಾತಾಡ್ಬೇಕು" ಎಂದು ಕರೆದದ್ದು ಕೇಳಿಸಿತು. ನಾಳೆ ಮಾತಾಡಿದರಾಯಿತು.

ಬಸ್ ನಿಲ್ದಾಣದಲ್ಲಿ ಇನ್ನೂ ಬಿಸಿಲಿತ್ತು. ತಂಗಿ ಮಂಡಿ ಹಿಡಿದುಕೊಂಡು, ಅಳುತ್ತ, ಹಿಂದೆ ಹಿಂದೆ ಬಂದಳು. ಬಂದವಳೇ ಅಕ್ಕನ ಎಡಗೈ ಹಿಡಿದುಕೊಂಡಳು.

"ಅಕ್ಕ, ಆ ಹಾಳಾದವನಿಂದ ನಿನಗೆ ಎಷ್ಟು ಅನ್ಯಾಯ ಆಯ್ತು. ನಾನು ಈಗ ನಂಬಿದೆ ಅಕ್ಕ. ಪೂರ್ತಿ ನಂಬಿದೆ."

ಅಕ್ಕ ಅವಳ ಮುಖ ನೋಡಿದಳು. ಒಳಗೆ ಆ ಮನುಷ್ಯನ ಮೇಲಿದ್ದ ಸಿಟ್ಟು ಹುಡುಕಿದರೆ ಸಿಗಲಿಲ್ಲ, ಅದು ಸಭಾಂಗಣದಲ್ಲೇ ತೀರಿಹೋಗಿತ್ತು. ಅವನು ಯಾರೋ ಹೊರಗಿನವನು, ತನ್ನ ಚರ್ಮ ಉಳಿಸಿಕೊಳ್ಳಲು ಒಂದು ದಿನ ಒಂದು ಸುಳ್ಳು ಹೇಳಿದ. ಇವಳು ಒಂದೇ ತಟ್ಟೆಯಲ್ಲಿ ಉಂಡವಳು, ಒಂದೇ ಹೊದಿಕೆಯಲ್ಲಿ ಮಲಗಿದವಳು, ಮೂವತ್ತೆಂಟು ವರ್ಷ ವಾರ ವಾರ ಬಂದು ಎದುರು ಕೂತು ಚಹಾ ಕುಡಿದು ಆ ಸುಳ್ಳನ್ನು ಜತನದಿಂದ ಕಾಪಾಡಿದಳು. ಅಕ್ಕ ಇದನ್ನು ಮೊದಲೇ ತಿಳಿದಿದ್ದಳೋ, ಈಗಷ್ಟೇ ತಿಳಿಯಿತೋ, ಅವಳಿಗೂ ಗೊತ್ತಾಗಲಿಲ್ಲ.

"ಒಳಗೆ ಇನ್ನೂರು ಜನ ಇದ್ರು," ಎಂದಳು. "ಅವರ್ಯಾರೂ ನನಗೆ ಏನೂ ಆಗ್ಬೇಕಾದವರಲ್ಲ. ಎಲ್ರೂ ಈಗ ನಂಬಿದ್ದಾರೆ. ನೀನು ಇನ್ನೂರ ಒಂದನೆಯವಳು."

ಬಸ್ಸು ಬಂತು. ಅಕ್ಕ ಕೈ ಬಿಡಿಸಿಕೊಂಡು ಹತ್ತಿದಳು. ಇಬ್ಬರು ಕೂರುವ ಸೀಟುಗಳು ಖಾಲಿಯಿದ್ದವು, ಅವಳು ಹಿಂದೆ ಹೋಗಿ ಒಬ್ಬರ ಸೀಟಿನಲ್ಲಿ ಕೂತಳು. ಮೆಟ್ಟಿಲು ಎತ್ತರವಿತ್ತು. ತಂಗಿ ಕೆಳಗೆ ನಿಂತು, ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯನ್ನು ಒಳಗೆ ಚಾಚಿ, "ಅಕ್ಕ, ಸ್ವಲ್ಪ ಹಿಡ್ಕೊ" ಎಂದಳು. ಅಕ್ಕ ಕಿಟಕಿಯ ಆಚೆ ನೋಡುತ್ತ ಕೂತಳು. ಕಂಡಕ್ಟರೇ ಇಳಿದು ತಂಗಿಯನ್ನು ಹತ್ತಿಸಬೇಕಾಯಿತು.